ರೆನೆಸಾನ್ಸ್ ಅಚ್ಚುಚಿತ್ರಗಳಲ್ಲಿ ಅಧಿಕಾರದ ಗುರುತುಗಳನ್ನು ಓದುವ ಬಗೆ

ಹದಿನಾರನೆಯ ಶತಮಾನದ ಯುರೋಪಿನ ಅಚ್ಚುಚಿತ್ರವೊಂದರಲ್ಲಿ ಅರಸ ಯಾರೆಂದು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಅವನ ಕೈಯಲ್ಲಿ ನಿಜವಾಗಿ ಎಷ್ಟು ಅಧಿಕಾರವಿತ್ತು, ಎಷ್ಟನ್ನು ಅವನು ತನ್ನದೆಂದು ಹೇಳಿಕೊಳ್ಳುತ್ತಿದ್ದ ಎಂಬುದನ್ನು ಬೇರ್ಪಡಿಸಿ ನೋಡುವುದೇ ಕಷ್ಟ. ಕಿರೀಟ, ಹದ್ದು, ಕೊರಳಹಾರ, ವಂಶವೃಕ್ಷ, ಲ್ಯಾಟಿನ್ ಬಿರುದು ಇವೆಲ್ಲ ಆ ಕಾಲದಲ್ಲಿ ಹಕ್ಕು ಸಾಧಿಸುವ ಸಾಧನಗಳಾಗಿದ್ದವು. ಒಂದು ಹಾಳೆಯಲ್ಲಿ ಅವು ಕಿಕ್ಕಿರಿದಷ್ಟೂ ಆ ಅರಸನಿಗೆ ಏನು ದಕ್ಕಿರಲಿಲ್ಲ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಈ ಬರಹದಲ್ಲಿ ಮುಖ್ಯವಾಗಿ ಜರ್ಮನ್ ನಾಡಿನ, 1500ರಿಂದ 1530ರವರೆಗಿನ ಅಚ್ಚುಚಿತ್ರಗಳನ್ನು ಓದುವ ಕ್ರಮವನ್ನು ಹೇಳಲಾಗಿದೆ. ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಮೊದಲನೆಯ ಮ್ಯಾಕ್ಸಿಮಿಲಿಯನ್ ಇದರಲ್ಲಿ ಹೆಚ್ಚು ಜಾಗ ಪಡೆಯುತ್ತಾನೆ, ಏಕೆಂದರೆ ಅಚ್ಚಿನ ಕಲೆಯನ್ನು ಅವನಷ್ಟು ಯೋಜಿಸಿ ಬಳಸಿಕೊಂಡ ಅರಸ ಆ ಕಾಲದಲ್ಲಿ ಇನ್ನೊಬ್ಬನಿಲ್ಲ.

ಅವನ ಬದುಕಿನ ಒಂದೆರಡು ಸಂಗತಿಗಳು ಮೊದಲೇ ಗೊತ್ತಿರಬೇಕು. 1459ರಲ್ಲಿ ಹುಟ್ಟಿದ ಮ್ಯಾಕ್ಸಿಮಿಲಿಯನ್ 1486ರಲ್ಲಿ ಆಖೆನ್‌ನಲ್ಲಿ ರೋಮನ್ನರ ಅರಸನಾಗಿ ಪಟ್ಟವೇರಿದ. ಚಕ್ರವರ್ತಿ ಎನಿಸಿಕೊಳ್ಳಲು ಪೋಪರಿಂದ ಕಿರೀಟಧಾರಣೆಯಾಗಬೇಕಿತ್ತು, ಆದರೆ ರೋಮ್‌ಗೆ ಹೋಗುವ ದಾರಿಯನ್ನು ವೆನಿಸ್‌ನವರು ತಡೆದಿದ್ದರು. ಕೊನೆಗೆ 1508ರಲ್ಲಿ ಟ್ರೆಂಟೊ ನಗರದಲ್ಲಿ, ಪೋಪ್ ಎರಡನೆಯ ಜೂಲಿಯಸ್‌ನ ಒಪ್ಪಿಗೆಯೊಡನೆ, ‘ಚುನಾಯಿತ ರೋಮನ್ ಚಕ್ರವರ್ತಿ’ ಎಂಬ ಬಿರುದನ್ನು ಧರಿಸಿದ. ಪೋಪರ ಕೈಯಿಂದ ಕಿರೀಟವನ್ನು ಅವನು ಕಡೆಗೂ ತೊಡಲಿಲ್ಲ. ಯುದ್ಧಗಳಿಗಾಗಿ ಜೀವನವಿಡೀ ಸಾಲ ಮಾಡುತ್ತಲೇ ಇದ್ದ. ಅವನ ಅಚ್ಚುಚಿತ್ರಗಳ ಅಬ್ಬರವನ್ನು ನೋಡುವಾಗ ಈ ಎರಡು ಕೊರತೆಗಳು ನೆನಪಿನಲ್ಲಿರಲಿ.

ಮೊದಲು ಹಾಳೆ, ಆಮೇಲೆ ಚಿತ್ರ

ಚಿತ್ರದೊಳಗಿನ ಕಿರೀಟವನ್ನು ನೋಡುವ ಮೊದಲು ಅದು ಯಾವ ಬಗೆಯ ಅಚ್ಚು ಎಂದು ತಿಳಿಯಬೇಕು. ಮರದ ಅಚ್ಚಿನಲ್ಲಿ ಗೆರೆಯನ್ನು ಉಬ್ಬಾಗಿ ಉಳಿಸಿ ಸುತ್ತಲಿನ ಮರವನ್ನು ಕೆತ್ತಿ ತೆಗೆಯುತ್ತಾರೆ. ಆ ಉಬ್ಬಿಗೆ ಶಾಯಿ ಹಚ್ಚಿದರೆ ಅಕ್ಷರದ ಮೊಳೆಗಳ ಜೊತೆಯಲ್ಲೇ ಅದನ್ನೂ ಮುದ್ರಿಸಬಹುದು. ತಾಮ್ರದ ತಗಡಿನ ಕೆತ್ತನೆಯಲ್ಲಿ ಇದು ತಿರುವುಮುರುವು: ಗೆರೆ ತಗ್ಗಿನಲ್ಲಿರುತ್ತದೆ, ತಗ್ಗಿನಲ್ಲಿ ತುಂಬಿದ ಶಾಯಿಯನ್ನು ಒದ್ದೆ ಕಾಗದವು ಒತ್ತಡದಲ್ಲಿ ಎಳೆದುಕೊಳ್ಳುತ್ತದೆ. ಮರದಚ್ಚಿನ ಗೆರೆ ಸಾಮಾನ್ಯವಾಗಿ ದಪ್ಪ, ಪ್ರತಿಗಳು ಹೆಚ್ಚು. ತಾಮ್ರದ ಗೆರೆ ಕೂದಲಿನಷ್ಟು ಸಣ್ಣದಾಗಬಲ್ಲದು, ಆದರೆ ತಗಡು ಬೇಗ ಸವೆಯುತ್ತದೆ. ಆದ್ದರಿಂದ ಊರೂರಿಗೆ ಹಂಚಬೇಕಾದ, ಗೋಡೆಗೆ ಅಂಟಿಸಬೇಕಾದ ಚಿತ್ರಗಳು ಮರದಚ್ಚಿನಲ್ಲಿ ಬಂದವು. ಗೆಳೆಯರಿಗೂ ವಿದ್ವಾಂಸರಿಗೂ ಉಡುಗೊರೆಯಾಗಿ ಕೊಡುವ ಚಿಕ್ಕ ಭಾವಚಿತ್ರಗಳನ್ನು ತಾಮ್ರದಲ್ಲಿ ಕೆತ್ತಿಸುತ್ತಿದ್ದರು. ಯಾವ ಮಾಧ್ಯಮ ಎಂಬುದರಲ್ಲೇ ಯಾರಿಗಾಗಿ ಎಂಬ ಉತ್ತರದ ಅರ್ಧ ಭಾಗ ಸಿಗುತ್ತದೆ.

ಎರಡನೆಯ ಎಚ್ಚರಿಕೆ ಎಡಬಲದ್ದು. ಅಚ್ಚಿನಿಂದ ಕಾಗದಕ್ಕೆ ಬರುವಾಗ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಕೆತ್ತುವವನು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬಲಗೈಯ ರಾಜದಂಡ ಎಡಗೈಗೆ ಹೋಗುತ್ತದೆ, ಬಲಕ್ಕೆ ತೂಗಬೇಕಾದ ಲಾಂಛನ ಎಡಕ್ಕೆ ಬರುತ್ತದೆ. ಆಗಿನ ಶಿಷ್ಟಾಚಾರದಲ್ಲಿ ಬಲಬದಿಗೆ ಹೆಚ್ಚಿನ ಗೌರವ ಸಲ್ಲುತ್ತಿತ್ತು. ಆ ಬಲವಾದರೂ ಗುರಾಣಿಯನ್ನು ಹಿಡಿದು ನಿಂತವನ ಬಲ, ಅಂದರೆ ನೋಡುವ ನಮ್ಮ ಎಡ. ಎರಡು ಗುರಾಣಿಗಳು ಅಕ್ಕಪಕ್ಕ ಇದ್ದರೆ ನಮ್ಮ ಎಡಕ್ಕಿರುವುದೇ ಹಿರಿದು ಎಂದು ತಿಳಿದು ಓದನ್ನು ಆರಂಭಿಸಬೇಕು. ಅಕ್ಷರಗಳು ನೇರವಾಗಿದ್ದರೆ ಕೆತ್ತಿದವನು ಅಕ್ಷರಗಳನ್ನಾದರೂ ತಿರುಗಿಸಿ ಕೆತ್ತಿದ್ದಾನೆ ಎಂದಷ್ಟೇ ಅರ್ಥ, ಕೈಗಳನ್ನೂ ತಿರುಗಿಸಿದ್ದಾನೆಂದು ನಂಬುವಂತಿಲ್ಲ.

ತಲೆಯ ಮೇಲೇನಿದೆ

ಕಿರೀಟಗಳೆಲ್ಲ ಒಂದೇ ಅಲ್ಲ. ಮೂರು ಸುತ್ತಿನ ಎತ್ತರದ ಕಿರೀಟ ಕಂಡರೆ ಅದು ಪೋಪರದ್ದು. ಅಗಲ ಅಂಚಿನ, ಎರಡೂ ಬದಿಗೆ ಗೊಂಡೆಗಳು ಇಳಿಬಿದ್ದ ಟೋಪಿ ಕಾರ್ಡಿನಲ್‌ನದು, ಮತ್ತು ಅದು ಹೆಚ್ಚಾಗಿ ತಲೆಯ ಮೇಲಿರದೆ ಅವನ ಲಾಂಛನದ ಮೇಲೆ ಕೂತಿರುತ್ತದೆ. ಚಕ್ರವರ್ತಿಯ ಕಿರೀಟ ಮಾತ್ರ ಗೊಂದಲ ಹುಟ್ಟಿಸುತ್ತದೆ. ಸಾಮ್ರಾಜ್ಯದ ಹಳೆಯ ಕಿರೀಟ ಎಂಟು ಫಲಕಗಳದು; ಮುಂಭಾಗದಲ್ಲಿ ಶಿಲುಬೆ, ಮೇಲೆ ಹಿಂದುಮುಂದಾಗಿ ಹಾಯ್ದ ಒಂದು ಕಮಾನು. ಅದೂ ಉಳಿದ ರಾಜಚಿಹ್ನೆಗಳೂ 1424ರಿಂದ ನ್ಯೂರೆಂಬರ್ಗ್ ನಗರದ ವಶದಲ್ಲಿದ್ದವು, ಅಲ್ಲಿಯವನೇ ಆದ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಅವುಗಳ ಚಿತ್ರ ಬರೆದಿಟ್ಟಿದ್ದಾನೆ. ಆದರೆ ಅಚ್ಚುಚಿತ್ರಗಳಲ್ಲಿ ಮ್ಯಾಕ್ಸಿಮಿಲಿಯನ್‌ಗೆ ಕಿರೀಟ ತೊಡಿಸುವಾಗ ಸಾಮಾನ್ಯವಾಗಿ ಬೇರೊಂದು ರೂಪ ಬರುತ್ತದೆ: ಒಳಗೆ ಬಿಷಪ್ಪರ ಟೋಪಿಯಂತೆ ಎರಡಾಗಿ ಎದ್ದ ಭಾಗ, ನಡುವೆ ಕಮಾನು. ಚಕ್ರವರ್ತಿಯ ಪದವಿಗೆ ಪೌರೋಹಿತ್ಯದ ಪಾವಿತ್ರ್ಯವೂ ಸೇರಿದೆ ಎಂದು ಆ ಆಕಾರ ಹೇಳುತ್ತದೆ.

ಕಿರೀಟ ಇಲ್ಲದಿರುವುದೂ ಒಂದು ಗುರುತು. 1518ರ ಜೂನ್ ತಿಂಗಳಲ್ಲಿ ಆಗ್ಸ್‌ಬರ್ಗ್‌ನಲ್ಲಿ ಸಾಮ್ರಾಜ್ಯದ ಸಭೆ ಸೇರಿದ್ದಾಗ ಡ್ಯೂರರ್ ಅರಮನೆಯ ಮೇಲಂತಸ್ತಿನ ಒಂದು ಸಣ್ಣ ಕೋಣೆಯಲ್ಲಿ ಮ್ಯಾಕ್ಸಿಮಿಲಿಯನ್‌ನ ಮುಖವನ್ನು ಇದ್ದಿಲಿನಲ್ಲಿ ಬರೆದುಕೊಂಡ. ಅದನ್ನು ಆಧರಿಸಿ ಬಂದ ಮರದಚ್ಚಿನಲ್ಲಿ ಚಕ್ರವರ್ತಿಯ ತಲೆಯ ಮೇಲಿರುವುದು ಪದಕ ಸಿಕ್ಕಿಸಿದ ಅಗಲವಾದ ಟೋಪಿ, ಮೈಮೇಲೆ ಹೂಬಳ್ಳಿಯ ಜರತಾರಿ ನಿಲುವಂಗಿ. ರಾಜದಂಡವಿಲ್ಲ, ಕತ್ತಿಯಿಲ್ಲ. ಅಧಿಕಾರವನ್ನೆಲ್ಲ ಎರಡು ಕಡೆ ಇಟ್ಟಿದ್ದಾರೆ: ಹೆಗಲ ಮೇಲಿನ ಹಾರದಲ್ಲಿ ಮತ್ತು ನೆತ್ತಿಯ ಮೇಲಿನ ಬರಹದಲ್ಲಿ. ನನ್ನ ಮಟ್ಟಿಗೆ ಅವನ ಎಲ್ಲ ಚಿತ್ರಗಳಲ್ಲಿ ಹೆಚ್ಚು ಅಧಿಕಾರಯುತವಾಗಿ ಕಾಣುವುದು ಇದೇ.

ಕೊರಳು ಮತ್ತು ಕೈ

ಆ ಹಾರವನ್ನು ದೊಡ್ಡದಾಗಿಸಿ ನೋಡಿ. ದೊಡ್ಡ ವಸ್ತುಸಂಗ್ರಹಾಲಯಗಳು ಈ ಚಿತ್ರಗಳನ್ನು ತಮ್ಮ ಜಾಲತಾಣಗಳಲ್ಲಿ ಸಾಕಷ್ಟು ದೊಡ್ಡ ಗಾತ್ರದಲ್ಲೇ ಇಟ್ಟಿವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ವಿಯೆನ್ನಾದ ಆಲ್ಬರ್ಟೀನಾ ಈ ಮೂರರಿಂದಲೇ ಇಲ್ಲಿ ಹೇಳಿರುವ ಬಹುಪಾಲು ಹಾಳೆಗಳನ್ನು ನೋಡಬಹುದು. ಹಾರದ ಕೊಂಡಿಗಳು ‘ಬಿ’ ಅಕ್ಷರದಂತೆ ಬಾಗಿರುತ್ತವೆ. ಅವು ಬೆಂಕಿ ಹೊತ್ತಿಸಲು ಬಳಸುತ್ತಿದ್ದ ಉಕ್ಕಿನ ಪಟ್ಟಿಗಳು. ನಡುನಡುವೆ ಕಿಡಿ ಕಾರುವ ಚಕಮಕಿ ಕಲ್ಲು, ತುದಿಯಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿ ನೇತುಹಾಕಿದ ಟಗರಿನ ಚರ್ಮ. ಇದು ಗೋಲ್ಡನ್ ಫ್ಲೀಸ್ ಎಂಬ ವೀರಸಂಘದ ಹಾರ, 1430ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಕಟ್ಟಿದ್ದು. ‘ಬಿ’ ಎಂದರೆ ಬರ್ಗಂಡಿ. ಮ್ಯಾಕ್ಸಿಮಿಲಿಯನ್ 1477ರಲ್ಲಿ ಬರ್ಗಂಡಿಯ ಮೇರಿಯನ್ನು ಮದುವೆಯಾದದ್ದರಿಂದ ಈ ಸಂಘದ ಒಡೆತನ ಅವನ ಮನೆತನಕ್ಕೆ ಬಂತು. ಚಿತ್ರದಲ್ಲಿ ಈ ಹಾರ ಕಂಡಾಗ ಹೆಂಡತಿಯ ಕಡೆಯಿಂದ ಬಂದ ಶ್ರೀಮಂತ ನಾಡುಗಳ ಮೇಲಿನ ಹಕ್ಕು ಎಂದು ಓದಿಕೊಳ್ಳಬೇಕು. ಬರಿಯ ಒಡವೆಯೆಂದುಕೊಂಡು ಮುಂದೆ ಹೋದರೆ ಅರ್ಧ ರಾಜಕೀಯ ಕೈತಪ್ಪುತ್ತದೆ.

ಕೈಯಲ್ಲಿ ಶಿಲುಬೆ ಹೊತ್ತ ಗೋಳವಿದ್ದರೆ ಲೋಕದ ಮೇಲೆ ಕ್ರಿಸ್ತನ ಹೆಸರಿನಲ್ಲಿ ಆಳ್ವಿಕೆ, ಕತ್ತಿಯಿದ್ದರೆ ದಂಡನೆಯ ಅಧಿಕಾರ, ರಾಜದಂಡವಿದ್ದರೆ ಆಜ್ಞೆ. ಇವು ಯುರೋಪಿನ ಎಲ್ಲ ಅರಸರಿಗೂ ಸಾಮಾನ್ಯವಾದ್ದರಿಂದ ಇವುಗಳಿಂದ ವ್ಯಕ್ತಿಯನ್ನು ಗುರುತಿಸಲಾಗದು. ವ್ಯಕ್ತಿಯನ್ನು ಹಿಡಿದುಕೊಡುವುದು ಅವನು ತಾನಾಗಿ ಆರಿಸಿಕೊಂಡ ಚಿಹ್ನೆ. ಮ್ಯಾಕ್ಸಿಮಿಲಿಯನ್‌ನದು ದಾಳಿಂಬೆ. ಹೊರಗೆ ಸಾಧಾರಣ ಸಿಪ್ಪೆ, ಒಳಗೆ ಒತ್ತಾಗಿ ಕೂತ ಬೀಜಗಳು, ಹಲವು ನಾಡುಗಳು ಒಂದೇ ಆಳ್ವಿಕೆಯೊಳಗೆ. ಡ್ಯೂರರ್ ಬರೆದ ಅವನ ವರ್ಣಚಿತ್ರದಲ್ಲಿ ಗೋಳ ಇರಬೇಕಾದ ಕೈಯಲ್ಲಿ ದಾಳಿಂಬೆಯಿದೆ.

ಹದ್ದಿನ ತಲೆಗಳನ್ನು ಎಣಿಸಿ

ಸಾಮ್ರಾಜ್ಯದ ಲಾಂಛನ ಹದ್ದು. ಚಕ್ರವರ್ತಿ ಸಿಗಿಸ್ಮಂಡ್ 1433ರಲ್ಲಿ ಪಟ್ಟವೇರಿದ ಮೇಲೆ ಒಂದು ನಿಯಮ ಗಟ್ಟಿಯಾಯಿತು: ಎರಡು ತಲೆಯ ಹದ್ದು ಚಕ್ರವರ್ತಿಯದು, ಒಂದು ತಲೆಯದು ರೋಮನ್ನರ ಅರಸನದು. ಹಾಗಾಗಿ ಮ್ಯಾಕ್ಸಿಮಿಲಿಯನ್‌ನ ಚಿತ್ರದಲ್ಲಿ ಹದ್ದಿಗೆ ಒಂದೇ ತಲೆಯಿದ್ದರೆ ಅದು 1508ಕ್ಕಿಂತ ಹಿಂದಿನದಿರಬಹುದೆಂದು ಊಹಿಸಬಹುದು, ಎರಡಿದ್ದರೆ ಹೊಸ ಬಿರುದನ್ನು ಸಾರುತ್ತಿದೆ. ಹಾನ್ಸ್ ಬುರ್ಕ್‌ಮೈರ್ 1508ರಲ್ಲೇ ಮಾಡಿದ ಕುದುರೆ ಸವಾರಿಯ ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಕಮಾನಿನ ಕೆಳಗೆ, ತಲೆಯಿಂದ ಕಾಲಿನವರೆಗೆ ಉಕ್ಕಿನ ಕವಚ ತೊಟ್ಟ ಚಕ್ರವರ್ತಿ, ಶಿರಸ್ತ್ರಾಣದ ಮೇಲೆ ನವಿಲುಗರಿ, ಎರಡು ತಲೆಯ ಹದ್ದಿನ ಲಾಂಛನ, ರೋಮಿನ ಶಾಸನಗಳ ಶೈಲಿಯ ಅಕ್ಷರಗಳಲ್ಲಿ ಸೀಸರ್ ಎಂಬ ಬಿರುದು. ಇದಕ್ಕೆ ಗೆರೆಯ ಅಚ್ಚು ಒಂದು, ಬಣ್ಣದ ಅಚ್ಚು ಇನ್ನೊಂದು. ಕೆಲವು ಪ್ರತಿಗಳನ್ನು ಬಣ್ಣ ಬಳಿದ ಕಾಗದದ ಮೇಲೆ ಚಿನ್ನ ಬೆಳ್ಳಿಗಳಲ್ಲಿ ಮುದ್ರಿಸಿದ್ದರು. ಆಗ್ಸ್‌ಬರ್ಗಿನ ವಿದ್ವಾಂಸ ಕೊನ್ರಾಟ್ ಪೊಯ್ಟಿಂಗರ್ ಅಂಥ ಪ್ರತಿಗಳನ್ನು ಸ್ಯಾಕ್ಸನಿಯ ಅರಸ ಫ್ರೆಡ್ರಿಕ್‌ಗೆ ಕಳಿಸಿಕೊಟ್ಟ. ಫ್ರೆಡ್ರಿಕ್‌ನ ಆಸ್ಥಾನ ಕಲಾವಿದ ಲ್ಯೂಕಾಸ್ ಕ್ರಾನಾಖ್ ಅದರ ಹಿಂದಿನ ವರ್ಷವೇ ಚಿನ್ನ ಬೆಳ್ಳಿಯಲ್ಲಿ ಸಂತ ಜಾರ್ಜ್‌ನನ್ನು ಅಚ್ಚು ಹಾಕಿದ್ದ. ಚಕ್ರವರ್ತಿಯ ಊರು ಹಿಂದುಳಿಯಬಾರದಲ್ಲ! ಮುಂದೆ ಅದೇ ಅಚ್ಚಿನಲ್ಲಿ ಇಸವಿಯನ್ನು 1518 ಎಂದು ತಿದ್ದಿ ಮತ್ತೆ ಮುದ್ರಿಸಿದರು, ಆದ್ದರಿಂದ ಚಿತ್ರದ ಮೇಲಿನ ಇಸವಿಯನ್ನೂ ಕಣ್ಣುಮುಚ್ಚಿ ನಂಬಬಾರದು.

ಕನ್ನಡಿಗರು ಇಲ್ಲಿ ಸ್ವಲ್ಪ ಎಚ್ಚರದಿಂದಿರಬೇಕು. ಎರಡು ತಲೆಯ ಹಕ್ಕಿ ಕಂಡೊಡನೆ ನಮಗೆ ಗಂಡಭೇರುಂಡ ನೆನಪಾಗುತ್ತದೆ, ಅದು ಮೈಸೂರು ಒಡೆಯರ ಲಾಂಛನವಾಗಿ, ಇಂದು ರಾಜ್ಯದ ಲಾಂಛನವಾಗಿ ನಿತ್ಯ ಕಣ್ಣಿಗೆ ಬೀಳುವಂಥದ್ದು. ಆದರೆ ಗಂಡಭೇರುಂಡದ ಅರ್ಥವನ್ನು ಈ ಹದ್ದಿನ ಮೇಲೆ ಹೇರಿದರೆ ಓದು ಕೆಡುತ್ತದೆ. ಇಲ್ಲಿ ಎರಡನೆಯ ತಲೆ ಒಂದು ಕಾನೂನಿನ ಮಾತನ್ನು ಹೇಳುತ್ತಿದೆ: ಈತ ಅರಸನ ಮೆಟ್ಟಿಲು ದಾಟಿ ಚಕ್ರವರ್ತಿಯಾಗಿದ್ದಾನೆ.

ಕಾಗದದಲ್ಲಿ ಕಟ್ಟಿದ ವಿಜಯದ್ವಾರ

ಇಷ್ಟು ಪಾಠವಾದ ಮೇಲೆ ‘ಗೌರವದ ಕಮಾನು’ ಎಂದು ಕರೆಯಲಾಗುವ ಮಹಾಚಿತ್ರಕ್ಕೆ ಕೈಹಾಕಬಹುದು. ರೋಮನ್ ಚಕ್ರವರ್ತಿಗಳು ಕಲ್ಲಿನಲ್ಲಿ ಕಟ್ಟಿಸಿದ ವಿಜಯದ್ವಾರವನ್ನು ಮ್ಯಾಕ್ಸಿಮಿಲಿಯನ್ ಕಾಗದದಲ್ಲಿ ಕಟ್ಟಿಸಿದ. 195 ಮರದ ಅಚ್ಚುಗಳು, 36 ದೊಡ್ಡ ಹಾಳೆಗಳು, ಜೋಡಿಸಿದರೆ ಸುಮಾರು ಮೂರೂವರೆ ಮೀಟರ್ ಎತ್ತರ, ಮೂರು ಮೀಟರ್ ಅಗಲ. ಚಿತ್ರದ ಮೇಲಿನ ಇಸವಿ 1515. ಮೊದಲ ಮುದ್ರಣ 1517-18ರಲ್ಲಿ, ಸುಮಾರು 700 ಪ್ರತಿಗಳು. ಇದನ್ನು ಅರಸರಿಗೂ ನಗರಸಭೆಗಳಿಗೂ ಕಳಿಸಿ ಅವರ ಗೋಡೆಗಳ ಮೇಲೆ ನಿಲ್ಲಿಸಬೇಕೆಂಬುದು ಯೋಜನೆ. ವಿಷಯವನ್ನು ರೂಪಿಸಿದವನು ಆಸ್ಥಾನದ ಇತಿಹಾಸಕಾರ ಯೊಹಾನೆಸ್ ಸ್ಟಾಬಿಯಸ್, ಕಟ್ಟಡದ ವಿನ್ಯಾಸ ಯೋರ್ಗ್ ಕೋಲ್ಡರರ್‌ನದು, ಚಿತ್ರದ ಹೊಣೆ ಡ್ಯೂರರ್ ಮತ್ತು ಅವನ ಸಹಾಯಕರದು, ಎರಡೂ ತುದಿಯ ದುಂಡು ಗೋಪುರಗಳು ಆಲ್ಬ್ರೆಕ್ಟ್ ಆಲ್ಟ್‌ಡೋರ್ಫರ್‌ನವು. ಮರವನ್ನು ಕೆತ್ತಿದವನು ನ್ಯೂರೆಂಬರ್ಗಿನ ಹಿಯರೋನಿಮಸ್ ಆಂಡ್ರೆಯೆ.

ಇಡೀ ಚಿತ್ರವನ್ನು ಒಮ್ಮೆಗೇ ನೋಡಲು ಹೋದರೆ ಕಣ್ಣು ಸೋಲುತ್ತದೆ. ನಡುವಿನ ಬಾಗಿಲಿನಿಂದ ಆರಂಭಿಸಿ ಮೇಲಕ್ಕೆ ಹೋಗಿ. ಬಾಗಿಲುಗಳು ಮೂರು: ನಡುವೆ ಗೌರವ ಮತ್ತು ಬಲದ ಬಾಗಿಲು, ನಮ್ಮ ಎಡಕ್ಕೆ ಪ್ರಶಂಸೆಯದು, ಬಲಕ್ಕೆ ಕುಲೀನತೆಯದು. ನಡುವಿನ ಬಾಗಿಲ ಮೇಲೆ ವಂಶವೃಕ್ಷ ಏರುತ್ತದೆ. ಅದರ ಬುಡದಲ್ಲಿ ಮೂವರು ಹೆಂಗಸರು, ಅವರ ಹೆಸರು ಟ್ರಾಯ್, ಸಿಕಾಂಬ್ರಿಯಾ, ಫ್ರಾನ್ಸಿಯಾ. ಟ್ರಾಯ್ ನಗರದಿಂದ ಹೊರಟ ವೀರರೇ ಫ್ರಾಂಕರ ಪೂರ್ವಿಕರು ಎಂಬ ಕಥೆಯನ್ನು ಈ ಮೂರು ಆಕೃತಿಗಳು ಹೊತ್ತಿವೆ. ಅವರ ಮೇಲೆ ಕ್ರೈಸ್ತಮತಕ್ಕೆ ಸೇರಿದ ಮೊದಲ ಫ್ರಾಂಕ್ ಅರಸ ಕ್ಲೋವಿಸ್, ಅಲ್ಲಿಂದ ಪೀಳಿಗೆ ಪೀಳಿಗೆಯಾಗಿ ಮ್ಯಾಕ್ಸಿಮಿಲಿಯನ್‌ನವರೆಗೆ. ನಮ್ಮ ಶಾಸನಗಳ ಪ್ರಶಸ್ತಿ ಭಾಗದಲ್ಲಿ ರಾಜವಂಶವನ್ನು ಚಂದ್ರನಿಂದಲೋ ಯದುವಿನಿಂದಲೋ ಇಳಿಸಿಕೊಂಡು ಬರುವುದನ್ನು ಓದಿದವರಿಗೆ ಇದರ ತರ್ಕ ಹೊಸದೆನಿಸುವುದಿಲ್ಲ. ವಂಶವೃಕ್ಷದ ಬುಡವನ್ನು ಮೊದಲು ನೋಡಬೇಕೆನ್ನುವುದು ಇದಕ್ಕೇ: ಪ್ರಶ್ನಿಸಲಾಗದಷ್ಟು ಹಳೆಯ ಮೂಲವನ್ನು ಅಲ್ಲಿ ನೆಟ್ಟಿರುತ್ತಾರೆ.

ಅಕ್ಕಪಕ್ಕದ ಬಾಗಿಲುಗಳ ಮೇಲೆ ಯುದ್ಧ, ಮದುವೆ, ಸಂಧಾನಗಳ ಚಿತ್ರಗಳು; ಪ್ರತಿಯೊಂದರ ಕೆಳಗೆ ಸ್ಟಾಬಿಯಸ್‌ನ ಪದ್ಯ. ಅವುಗಳಲ್ಲಿ ಸೋಲು ಹುಡುಕಿದರೂ ಸಿಗುವುದಿಲ್ಲ. ಒಂದು ಬದಿಗೆ ಜೂಲಿಯಸ್ ಸೀಸರ್‌ನಿಂದ ಹಿಡಿದು ಹಿಂದಿನ ಚಕ್ರವರ್ತಿಗಳ ಸಾಲು, ಇನ್ನೊಂದು ಬದಿಗೆ ನೆಂಟರ ಸಾಲು. ಅಂಚುಗಳಲ್ಲಿ ಮರಳಿ ಮರಳಿ ದಾಳಿಂಬೆ, ಕಿಡಿ ಕಾರುವ ಉಕ್ಕು, ಬರ್ಗಂಡಿಯ ಗುರುತಾದ ಓರೆಯಾದ ಆಂಡ್ರೂ ಶಿಲುಬೆ. ಇಲ್ಲಿಯವರೆಗಿನ ಪಾಠವೆಲ್ಲ ಈ ಅಂಚುಗಳಲ್ಲೇ ಪರೀಕ್ಷೆಗೆ ಬರುತ್ತದೆ.

ಎಲ್ಲಕ್ಕಿಂತ ಮೇಲೆ, ಗೋಪುರದ ಶಿಖರದಲ್ಲಿ, ಪ್ರಾಣಿಗಳ ನಡುವೆ ಕೂತ ಚಕ್ರವರ್ತಿಯ ಚಿತ್ರವಿದೆ. ಮೊದಲ ನೋಟಕ್ಕೆ ಇದು ಅಸಂಬದ್ಧ. ಇದು ಈಜಿಪ್ಟಿನ ಚಿತ್ರಲಿಪಿಯಲ್ಲಿ ಬರೆದ ಹೊಗಳಿಕೆ, ಅಥವಾ ಆ ಕಾಲದ ವಿದ್ವಾಂಸರು ಈಜಿಪ್ಟಿನ ಚಿತ್ರಲಿಪಿ ಎಂದು ತಿಳಿದುಕೊಂಡಿದ್ದ ಲಿಪಿಯಲ್ಲಿ. ಹೊರಪೊಲ್ಲೊ ಎಂಬವನ ಹೆಸರಿನಲ್ಲಿ ದೊರೆತ ಗ್ರೀಕ್ ಗ್ರಂಥವೊಂದು ಪ್ರತಿ ಚಿತ್ರಕ್ಕೂ ಅರ್ಥ ಕೊಡುತ್ತಿತ್ತು, ಡ್ಯೂರರ್‌ನ ಗೆಳೆಯ ವಿಲ್ಲಿಬಾಲ್ಡ್ ಪಿರ್ಕ್‌ಹೈಮರ್ ಅದನ್ನು ಚಕ್ರವರ್ತಿಗಾಗಿ ಲ್ಯಾಟಿನ್‌ಗೆ ತಂದಿದ್ದ. ಆ ಕೋಶವನ್ನು ಹಿಡಿದು ಓದಿದರೆ ಚಿತ್ರ ಒಂದು ಉದ್ದನೆಯ ವಾಕ್ಯವಾಗುತ್ತದೆ. ಪುರೋಹಿತನ ಪಟ್ಟಿ ಹೊದ್ದ ನಾಯಿ ಎಂದರೆ ಉತ್ತಮ ಅರಸ. ಸಿಂಹ ಎಂದರೆ ಧೈರ್ಯಶಾಲಿ. ಕಿರೀಟದ ಮೇಲಿನ ಸರ್ಪ ಅಳಿಯದ ಕೀರ್ತಿ. ಅವನು ಕೂತಿರುವ ಪಪೈರಸ್ ಜೊಂಡಿನ ಕಟ್ಟು ಪುರಾತನ ವಂಶ. ಆಕಾಶದಿಂದ ಬೀಳುವ ಇಬ್ಬನಿ ವಿದ್ಯೆ. ರಾಜದಂಡಕ್ಕೆ ಸುತ್ತಿದ ಹಾವು ಭೂಮಿಯ ಬಹುಭಾಗದ ಒಡೆತನ. ಒಂದು ಕಾಲೆತ್ತಿ ನಿಂತ ಕೊಕ್ಕರೆ ಎಚ್ಚರ. ಹಾವಿನ ಮೇಲೆ ನಿಂತ ಹುಂಜ ಫ್ರಾನ್ಸಿನ ಅರಸ, ಲ್ಯಾಟಿನ್‌ನಲ್ಲಿ ಹುಂಜಕ್ಕೂ ಆ ನಾಡಿನವರಿಗೂ ಒಂದೇ ಪದವಾದ್ದರಿಂದ. ಅತ್ತ ನೀರಿನಲ್ಲಿ ತಾವಾಗಿ ನಡೆಯುತ್ತಿರುವ ಎರಡು ಪಾದಗಳಿವೆ, ಮೈಯಿಲ್ಲದ ಬರೀ ಪಾದಗಳು. ಅವುಗಳ ಅರ್ಥ ‘ಅಸಾಧ್ಯವೆಂದು ಜನ ತಿಳಿದದ್ದು’. ಒಟ್ಟಿನಲ್ಲಿ, ಅಸಾಧ್ಯವೆನಿಸಿದ ವೈರಿಯನ್ನು ಗೆದ್ದವನು ಎಂದು ಹೇಳಿಸಿಕೊಂಡಿದ್ದಾನೆ. ನಗರಸಭೆಯ ಗೋಡೆಯ ಮುಂದೆ ನಿಂತ ಸಾಮಾನ್ಯ ವರ್ತಕನಿಗೆ ಇದು ತಿಳಿಯುತ್ತಿತ್ತೇ? ತಿಳಿಯಬೇಕಾಗಿಯೂ ಇರಲಿಲ್ಲ. ತನಗೆ ಅರ್ಥವಾಗದ, ಪಂಡಿತರಿಗೆ ಮಾತ್ರ ತೆರೆಯುವ ಗುಟ್ಟು ಚಕ್ರವರ್ತಿಯ ತಲೆಯ ಸುತ್ತ ಇದೆ ಎಂಬಷ್ಟು ಅವನಿಗೆ ಕಂಡರೆ ಸಾಕಿತ್ತು. ಅಚ್ಚುಚಿತ್ರಗಳಲ್ಲಿ ಕೆಲವು ಗುರುತುಗಳನ್ನು ಬೇಕೆಂದೇ ಓದಲಾಗದಂತೆ ಇಡುತ್ತಾರೆ, ಅವುಗಳನ್ನು ಬಿಡಿಸಲು ಹೆಣಗುವಾಗ ಈ ಮಾತು ನೆನಪಿರಲಿ.

ಬರಹವನ್ನು ಬಿಡದೆ ಓದಿ

ಲ್ಯಾಟಿನ್ ಬರುವುದಿಲ್ಲವೆಂದು ಅಕ್ಷರಗಳನ್ನು ದಾಟಿ ಹೋಗುವುದು ಸಾಮಾನ್ಯ ತಪ್ಪು. ಹತ್ತು ಹನ್ನೆರಡು ಪದಗಳನ್ನು ಗುರುತಿಟ್ಟುಕೊಂಡರೆ ಸಾಕು. ‘ಇಂಪೆರಾಟರ್’, ‘ಸೀಸರ್’, ‘ಆಗಸ್ಟಸ್’ ಇವು ರೋಮನ್ ಚಕ್ರವರ್ತಿಯ ಉತ್ತರಾಧಿಕಾರ. ‘ಡೀವಸ್’ ಎಂಬುದು ಪ್ರಾಚೀನ ರೋಮಿನಲ್ಲಿ ಸತ್ತು ದೇವತ್ವ ಪಡೆದ ಚಕ್ರವರ್ತಿಗೆ ಸೇರಿಸುತ್ತಿದ್ದ ಮಾತು. ಮೇಲೆ ಹೇಳಿದ ಟೋಪಿಯ ಭಾವಚಿತ್ರದಲ್ಲಿ ಅದಿದೆ. ಮ್ಯಾಕ್ಸಿಮಿಲಿಯನ್ ತೀರಿಕೊಂಡದ್ದು 1519ರ ಜನವರಿಯಲ್ಲಿ. ಆ ಚಿತ್ರಕ್ಕೆ ಎಷ್ಟು ಬೇಡಿಕೆಯಿತ್ತೆಂದರೆ ಅದನ್ನು ಒಂದಕ್ಕಿಂತ ಹೆಚ್ಚು ಅಚ್ಚುಗಳಲ್ಲಿ ಮತ್ತೆ ಮತ್ತೆ ಕೆತ್ತಬೇಕಾಯಿತು.

1522ರಲ್ಲಿ ಡ್ಯೂರರ್ ತಾನೇ ಪ್ರಕಟಿಸಿದ, ಎಂಟು ಅಚ್ಚುಗಳ ‘ಮಹಾ ವಿಜಯರಥ’ದಲ್ಲಿ ಬರಹ ಚಿತ್ರವನ್ನೇ ನುಂಗಿದೆ. ರಥದ ಚಕ್ರಗಳಿಗೆ ವೈಭವ, ಗೌರವ, ಘನತೆ, ಕೀರ್ತಿ ಎಂದು ಹೆಸರು, ಸಾರಥಿ ವಿವೇಕ, ಅವನ ಕೈಯ ಲಗಾಮುಗಳು ಕುಲೀನತೆ ಮತ್ತು ಬಲ. ಮೇಲ್ಛಾವಣಿಯಲ್ಲಿ ಸೂರ್ಯ, ಪಕ್ಕದಲ್ಲಿ ‘ಆಕಾಶದಲ್ಲಿ ಸೂರ್ಯನು ಹೇಗೋ ಭೂಮಿಯಲ್ಲಿ ಸೀಸರ್ ಹಾಗೆ’ ಎಂಬ ಲ್ಯಾಟಿನ್ ಸಾಲು. ಈ ಸಂಕೇತಗಳನ್ನು ಹೆಣೆದ ಪಿರ್ಕ್‌ಹೈಮರ್‌ನ ಪಾಂಡಿತ್ಯ ಇಲ್ಲಿ ಸ್ವಲ್ಪ ಅತಿಯಾಯಿತು ಎಂದೇ ನನಗನಿಸುತ್ತದೆ.

ಅಚ್ಚನ್ನು ತಿದ್ದಿದ ಜಾಗ

ಅಧಿಕಾರದ ಗುರುತಿಗೆ ಎಷ್ಟು ಬಲವಿತ್ತೆಂದು ಅಳೆಯಬೇಕಾದರೆ ಅದನ್ನು ಅಳಿಸಿದ ಕಡೆ ನೋಡಬೇಕು. 1521ರಲ್ಲಿ ವಿಟೆನ್‌ಬರ್ಗಿನಲ್ಲಿ ಕ್ರಾನಾಖ್‌ನ 26 ಮರದಚ್ಚುಗಳ ಪುಸ್ತಿಕೆಯೊಂದು ಬಂತು, 13 ಜೋಡಿಗಳು. ಒಂದು ಬದಿಗೆ ಶಿಷ್ಯರ ಪಾದ ತೊಳೆಯುವ ಕ್ರಿಸ್ತ, ಎದುರು ಬದಿಗೆ ಅರಸರಿಂದ ಪಾದಕ್ಕೆ ಮುತ್ತಿಡಿಸಿಕೊಳ್ಳುವ ಪೋಪ್. ಒಂದು ಕಡೆ ಮುಳ್ಳಿನ ಕಿರೀಟ, ಇನ್ನೊಂದು ಕಡೆ ಮೂರು ಸುತ್ತಿನದು. ಮರುವರ್ಷ ಸೆಪ್ಟೆಂಬರಿನಲ್ಲಿ, ಪೋಪರನ್ನು ಎದುರಿಸಿದ ಧರ್ಮಸುಧಾರಕ ಮಾರ್ಟಿನ್ ಲೂಥರ್‌ನ ಜರ್ಮನ್ ಹೊಸ ಒಡಂಬಡಿಕೆ ಹೊರಬಂದಾಗ ಅದರ ಕೊನೆಯ ಭಾಗಕ್ಕೆ ಕ್ರಾನಾಖ್‌ನ ಕಾರ್ಯಶಾಲೆ ಚಿತ್ರ ಒದಗಿಸಿತು, ಅಲ್ಲಿ ಪಾಪದ ಸಂಕೇತವಾಗಿ ಬರುವ ಬ್ಯಾಬಿಲೋನಿನ ವೇಶ್ಯೆಯ ತಲೆಗೆ ಪೋಪರ ಕಿರೀಟವನ್ನೇ ಇಟ್ಟರು. ಸ್ಯಾಕ್ಸನಿಯ ಇನ್ನೊಂದು ಶಾಖೆಯ ದೊರೆ ಜಾರ್ಜ್ ಇದಕ್ಕೆ ಕೆರಳಿದ. ಡಿಸೆಂಬರಿನ ಮರುಮುದ್ರಣದಲ್ಲಿ ಅಚ್ಚಿನ ಮೇಲಿನ ಎರಡು ಸುತ್ತುಗಳನ್ನು ಕೆತ್ತಿ ಹಾಕಿ ಸಾಧಾರಣ ಕಿರೀಟವೊಂದನ್ನೇ ಉಳಿಸಿದ್ದರು. ಎರಡೂ ಮುದ್ರಣಗಳ ಆ ಪುಟವನ್ನು ಅಕ್ಕಪಕ್ಕ ಇಟ್ಟು ನೋಡಿ: ಸೆಪ್ಟೆಂಬರಿನದರಲ್ಲಿ ಗೋಪುರದಂತೆ ಎದ್ದ ಕಿರೀಟವಿದ್ದ ಜಾಗದಲ್ಲಿ ಡಿಸೆಂಬರಿನದರಲ್ಲಿ ಬಿಳಿಯ ಖಾಲಿ ಉಳಿದಿದೆ. ಮರದಚ್ಚಿನಲ್ಲಿ ತೆಗೆಯುವುದು ಸುಲಭ, ಸೇರಿಸಬೇಕೆಂದರೆ ಹೊಸ ಮರದ ತುಂಡನ್ನು ಕೂರಿಸಬೇಕು. ಹಾಗಾಗಿ ತಿದ್ದುಪಡಿಗಳು ಹೆಚ್ಚಾಗಿ ಇಂಥ ಖಾಲಿಯಾಗಿಯೇ ಉಳಿಯುತ್ತವೆ. 1534ರ ಪೂರ್ಣ ಬೈಬಲ್ಲಿನಲ್ಲಿ ಆ ಮೂರು ಸುತ್ತಿನ ಕಿರೀಟ ಮರಳಿ ಬಂತು.

ದೂರದ ನಾಡು ಎಂಬ ಒಡವೆ

ನಮ್ಮ ಕಡಲತೀರವೂ ಈ ಹಾಳೆಗಳಲ್ಲಿ ಬರುತ್ತದೆ. 1505ರಲ್ಲಿ ಫ್ರಾನ್ಸಿಸ್ಕೊ ಡಿ ಅಲ್ಮೇಡಾನ ಪೋರ್ಚುಗೀಸ್ ನೌಕಾಪಡೆ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಕೋಟೆ ಕಟ್ಟಿ ಮಲಬಾರಿನತ್ತ ಹೋಯಿತು. ಆ ನೌಕಾಯಾನದಲ್ಲಿದ್ದ ಬಾಲ್ತಸಾರ್ ಸ್ಪ್ರಿಂಗರ್ ಎಂಬ ಜರ್ಮನ್ ವರ್ತಕನ ವರದಿಯನ್ನು ಆಧರಿಸಿ ಬುರ್ಕ್‌ಮೈರ್ 1508ರಲ್ಲಿ ಮರದಚ್ಚಿನ ಒಂದು ಮಾಲೆಯನ್ನು ಮಾಡಿದ. ಅದರಲ್ಲಿ ಕೊಚ್ಚಿಯ ಅರಸ ಪಲ್ಲಕ್ಕಿಯಲ್ಲಿ ಬರುತ್ತಾನೆ, ತಲೆಯ ಮೇಲೆ ಛತ್ರ, ಮುಂದೆ ವಾದ್ಯದವರು ಮತ್ತು ಆಯುಧ ಹಿಡಿದವರು. ಕಿರೀಟವನ್ನೂ ರಾಜದಂಡವನ್ನೂ ಹುಡುಕುವ ಯುರೋಪಿನ ಕಣ್ಣಿಗೆ ಛತ್ರ ಒಂದು ವಿಚಿತ್ರವಾಗಿ ಕಂಡಿರಬೇಕು. ಅದು ಅಧಿಕಾರದ ಗುರುತೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಚಿತ್ರದ ಕೆಳಗಿನ ವಿವರಣೆಗಿಂತ ಕನ್ನಡದ ಓದುಗ ಮುಂದಿರುವ ಅಪರೂಪದ ಸಂದರ್ಭ ಇದು.

ಅದೇ ಬುರ್ಕ್‌ಮೈರ್ ಮ್ಯಾಕ್ಸಿಮಿಲಿಯನ್‌ನ ‘ವಿಜಯದ ಮೆರವಣಿಗೆ’ಯಲ್ಲಿ ಕೈಚಳಕ ತೋರಿದ ರೀತಿ ಬೇರೆ. 130ಕ್ಕೂ ಹೆಚ್ಚು ಅಚ್ಚುಗಳ, ಜೋಡಿಸಿದರೆ ಸುಮಾರು 54 ಮೀಟರ್ ಉದ್ದದ ಈ ಮೆರವಣಿಗೆ ಚಕ್ರವರ್ತಿ ಬದುಕಿರುವಾಗ ಮುಗಿಯಲಿಲ್ಲ, ಅವನ ಮೊಮ್ಮಗ ಫರ್ಡಿನಾಂಡ್ 1526ರಲ್ಲಿ ಅದನ್ನು ಮುದ್ರಿಸಿದ. ಅದರ ಕೊನೆಯ ಭಾಗದಲ್ಲಿ ‘ಕಲ್ಲಿಕೋಟೆಯ ಜನ’ ನಡೆಯುತ್ತಾರೆ. ಆನೆಯಿದೆ, ಸರಿ, ಜೊತೆಯಲ್ಲೇ ಅಮೆರಿಕದ ಗರಿಗಳ ಉಡುಪು, ಮೆಕ್ಕೆಜೋಳದ ದಂಟು! ಇದರಲ್ಲಿ ಕಲ್ಲಿಕೋಟೆಯನ್ನು ಹುಡುಕಿ ಫಲವಿಲ್ಲ. ದೂರದ ನಾಡಿನವರೆಲ್ಲ ಒಂದೇ ಗುಂಪಾಗಿ ತನ್ನ ಮೆರವಣಿಗೆಯ ಬಾಲದಲ್ಲಿ ಬರುತ್ತಾರೆಂದು ತೋರಿಸುವುದಷ್ಟೇ ಉದ್ದೇಶ. ಕಲ್ಲಿಕೋಟೆಯಲ್ಲಿ ಮ್ಯಾಕ್ಸಿಮಿಲಿಯನ್‌ಗೆ ಒಂದು ಗೇಣು ನೆಲವೂ ಇರಲಿಲ್ಲ.

ಡ್ಯೂರರ್‌ನ 1515ರ ಘೇಂಡಾಮೃಗವನ್ನೂ ಇದೇ ಸಾಲಿಗೆ ಸೇರಿಸಬೇಕು. ಗುಜರಾತಿನ ಸುಲ್ತಾನ ಕೊಟ್ಟ ಆ ಪ್ರಾಣಿಯನ್ನು ಗೋವೆಯಿಂದ ಲಿಸ್ಬನ್‌ಗೆ ಸಾಗಿಸಿದರು, ಪೋರ್ಚುಗಲ್ಲಿನ ಅರಸ ಮ್ಯಾನುಯೆಲ್ ಅದನ್ನು ಪೋಪರಿಗೆ ಉಡುಗೊರೆಯಾಗಿ ಕಳಿಸಿದ, ದಾರಿಯಲ್ಲಿ ಹಡಗು ಮುಳುಗಿತು. ಕಣ್ಣಾರೆ ಕಾಣದ ಪ್ರಾಣಿಗೆ ಡ್ಯೂರರ್ ಕವಚ ತೊಡಿಸಿದಂತೆ ಬರೆದ. ಮೇಲಿನ ಬರಹದಲ್ಲಿ 1513 ಎಂದಿದೆ. ಪ್ರಾಣಿ ಲಿಸ್ಬನ್ ತಲುಪಿದ್ದು 1515ರ ಮೇ ತಿಂಗಳಲ್ಲಿ.

ಅರಸನಿಲ್ಲದ ಅಧಿಕಾರ ಬೇರೆ ರೀತಿ ಕಾಣುತ್ತದೆ. ಯಾಕೊಪೊ ಡೆ ಬಾರ್ಬರಿ 1500ರಲ್ಲಿ ಆರು ದೊಡ್ಡ ಅಚ್ಚುಗಳಲ್ಲಿ ತೋರಿಸಿದ ವೆನಿಸ್ ನಗರದ ನೋಟದಲ್ಲಿ ಆಳುವ ಡೋಜ್‌ಗೆ ಮುಖವೇ ಇಲ್ಲ, ಮೇಲೆ ವ್ಯಾಪಾರದ ದೇವತೆ ಮರ್ಕ್ಯುರಿ, ಬಂದರಿನಲ್ಲಿ ಕಡಲ ದೇವತೆ ನೆಪ್ಚೂನ್. ಮಿಕ್ಕದ್ದನ್ನೆಲ್ಲ ಹಡಗುಗಳೇ ಹೇಳುತ್ತವೆ.

ಕೈಪಳಗಿಸಲು ಎರಡು ಹಾಳೆ

ಇನ್ನು ನೀವೇ ಓದಿ ನೋಡಲು ಡ್ಯೂರರ್‌ನ ಎರಡು ತಾಮ್ರದ ಕೆತ್ತನೆಗಳನ್ನು ಜೊತೆಯಾಗಿ ತೆರೆಯಿರಿ. ಮೊದಲನೆಯದು 1523ರದು, ಬ್ರಾಂಡೆನ್‌ಬರ್ಗಿನ ಆಲ್ಬ್ರೆಕ್ಟ್ ಎಂಬ ಕಾರ್ಡಿನಲ್‌ನದು. ಮುಖ ಪೂರ್ತಿ ಪಕ್ಕಕ್ಕೆ ತಿರುಗಿದೆ, ರೋಮನ್ ನಾಣ್ಯಗಳ ಮೇಲಿನ ಮುಖದಂತೆ. ಬಿರುದುಗಳನ್ನು ಎಣಿಸುತ್ತಾ ಹೋಗಿ: ಕಾರ್ಡಿನಲ್, ಮೈಂಟ್ಸ್ ಮತ್ತು ಮಾಗ್ಡೆಬರ್ಗಿನ ಆರ್ಚ್‌ಬಿಷಪ್, ಚಕ್ರವರ್ತಿಯನ್ನು ಆರಿಸುವ ಏಳು ಮಂದಿಯಲ್ಲಿ ಒಬ್ಬ, ಹಾಲ್ಬರ್‌ಸ್ಟಾಟ್‌ನ ಆಡಳಿತಗಾರ, ಬ್ರಾಂಡೆನ್‌ಬರ್ಗಿನ ಮಾರ್ಗ್ರೇವ್, ಅಂದರೆ ಗಡಿನಾಡಿನ ದೊರೆ. ಒಬ್ಬನೇ ಇಷ್ಟು ಪೀಠಗಳನ್ನು ಹಿಡಿಯುವುದು ಚರ್ಚಿನ ನಿಯಮಕ್ಕೆ ಒಗ್ಗುವಂಥದ್ದಲ್ಲ. ಅದಕ್ಕೆ ಬೇಕಾದ ವಿನಾಯಿತಿಗಾಗಿ ಫುಗ್ಗರ್ ಸಾಹುಕಾರರಿಂದ ಸಾಲ ತಂದು ರೋಮ್‌ಗೆ ಹಣ ಕಟ್ಟಿದ್ದ, ಆ ಸಾಲ ತೀರಿಸಲು ನಡೆದ ಪಾಪಕ್ಷಮಾ ಪತ್ರಗಳ ಮಾರಾಟವೇ 1517ರಲ್ಲಿ ಲೂಥರ್‌ನನ್ನು ಕೆರಳಿಸಿತು. ಡ್ಯೂರರ್ ತಾಮ್ರದ ತಗಡಿನ ಜೊತೆಗೆ 500 ಪ್ರತಿಗಳನ್ನು ಅವನಿಗೆ ಕಳಿಸಿಕೊಟ್ಟಿದ್ದ.

ಎರಡನೆಯದು 1524ರದು, ಲೂಥರ್‌ಗೆ ಆಶ್ರಯ ಕೊಟ್ಟ ಸ್ಯಾಕ್ಸನಿಯ ಫ್ರೆಡ್ರಿಕ್‌ನದು. ಕಿರೀಟವೂ ಇಲ್ಲ, ಹಿಡಿದ ಆಯುಧವೂ ಇಲ್ಲ. ತಲೆಯ ಎರಡೂ ಬದಿಯ ಮೂಲೆಗಳಲ್ಲಿ ಎರಡು ಗುರಾಣಿಗಳು. ಒಂದು ಸ್ಯಾಕ್ಸನಿಯ ಮನೆತನದ್ದು; ಇನ್ನೊಂದರಲ್ಲಿ ಒಂದಕ್ಕೊಂದು ಅಡ್ಡವಾದ ಜೋಡಿ ಕತ್ತಿಗಳು, ಸಾಮ್ರಾಜ್ಯದ ಮಹಾದಂಡನಾಯಕನ ಪದವಿಯ ಗುರುತು. (ಮೈಸೆನ್ ಪಿಂಗಾಣಿ ಪಾತ್ರೆಗಳ ತಳದಲ್ಲಿ ಇಂದಿಗೂ ಕಾಣುವುದು ಇದೇ ಕತ್ತಿಗಳು.) ಯಾವ ಗುರಾಣಿ ಯಾವ ಬದಿಗಿದೆ ಎಂದು ನೋಡಿ, ಹಿರಿತನದ ನಿಯಮವನ್ನು ಅನ್ವಯಿಸಿ. ಕೆಳಗಿನ ಫಲಕ ರೋಮನ್ ಸಮಾಧಿಶಿಲೆಯಂತಿದೆ: ಕ್ರಿಸ್ತನಿಗೆ ಅರ್ಪಿತವೆಂಬ ಮೊದಲ ಸಾಲು, ದೇವರ ವಾಕ್ಯವನ್ನು ಭಕ್ತಿಯಿಂದ ಬೆಂಬಲಿಸಿದವನೆಂಬ ಹೊಗಳಿಕೆ, ಪದವಿಗಳು, ಕೆತ್ತಿದವನ ಹೆಸರು. ಕೊನೆಗೆ ಐದು ಬಿಡಿ ಅಕ್ಷರಗಳಿವೆ, ಬಿ, ಎಂ, ಎಫ್, ವಿ, ವಿ. ಅವುಗಳನ್ನು ಬಿಡಿಸಿದರೆ ‘ಅರ್ಹನಾದವನಿಗಾಗಿ, ಬದುಕಿರುವವನು ಬದುಕಿರುವವನಿಗೆ ಮಾಡಿದ್ದು’ ಎಂದಾಗುತ್ತದೆ. ಅರಸನ ಪದವಿಗಳ ಫಲಕದಲ್ಲಿ ಕಲಾವಿದ ತನ್ನನ್ನೂ ಅವನಿಗೆ ಸಮನಾಗಿ ಒಂದೇ ಪದದಲ್ಲಿ ಸೇರಿಸಿಕೊಂಡಿದ್ದಾನೆ. ಗೌರವದ ಕಮಾನಿನ ಬುಡದಲ್ಲೂ, ಬಲ ಮೂಲೆಯಲ್ಲಿ, ಸ್ಟಾಬಿಯಸ್ ಮತ್ತು ಕೋಲ್ಡರರ್ ಲಾಂಛನಗಳ ಜೊತೆ ಡ್ಯೂರರ್‌ನದೂ ಇದೆ. ಅರಸನ ಹಾಳೆಯನ್ನು ಮುಚ್ಚುವ ಮುನ್ನ ಆ ಮೂಲೆಯನ್ನೂ ದೊಡ್ಡದಾಗಿಸಿ ನೋಡಿಬಿಡಿ.